ಕುರಿ ಹಾಡಿನ ಮೂರನೇ ಚರಣ

ನಮ್ಮ ಜಿಲ್ಲೆಯಲ್ಲಿ ನಮಗೆ ಸ್ವಲ್ಪ ಹೆಸರಿತ್ತು. ಹಾಡುವುದಕ್ಕಲ್ಲ, ನಿಲ್ಲಿಸುವುದಕ್ಕೆ. ಯಾವ ಹಾಡನ್ನಾದರೂ, ಯಾವ ಸಾಲಿನಲ್ಲಿದ್ದರೂ, ಎಂಟು ಮಾತ್ರೆಯೊಳಗೆ ಕೇಳುವವರಿಗೆ ಗೊತ್ತೇ ಆಗದಂತೆ ಮುಗಿಸಿ ಕೈ ಮುಗಿದು ಕೂರಬಲ್ಲೆವು. ಇದೊಂದು ವಿದ್ಯೆ ಎಂದು ಯಾರೂ ಹೇಳಿಕೊಡುವುದಿಲ್ಲ. ಹನ್ನೆರಡು ವರ್ಷ ಸಭೆ ಸಮಾರಂಭಗಳಲ್ಲಿ ಕೂತು ನಾವೇ ಕಲಿತದ್ದು.

ನಾವು ಮೂವರು. ತಬಲ ನುಡಿಸುವವನು ನಾನು. ಚಿತ್ರದುರ್ಗದ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದೇನೆ. ಹಾರ್ಮೋನಿಯಂ ನುಡಿಸುವವರು ಹೊಸದುರ್ಗದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾರೆ. ಊರೆಲ್ಲ ಅವರನ್ನು ಟೈಲರ್ ಎನ್ನುತ್ತದೆ, ನಾವೂ ಹಾಗೇ ಕರೆಯುತ್ತೇವೆ. ಹಾಡುವವರು ಹೊಳಲ್ಕೆರೆ ಹತ್ತಿರದ ಸರ್ಕಾರಿ ಶಾಲೆಯ ಶಿಕ್ಷಕಿ, ನಮಗೆ ಮೇಡಂ. ಮೂವರೂ ನಲವತ್ತು ದಾಟಿದವರು. ಚಿತ್ರದುರ್ಗದಿಂದ ಹೊಸದುರ್ಗಕ್ಕೆ ಹೋಗುವ ಬಸ್ಸು ಹೊಳಲ್ಕೆರೆಯ ಮೇಲೇ ಹೋಗುವುದರಿಂದ ಭಾನುವಾರದ ಅಭ್ಯಾಸಕ್ಕೆ ನಾನು ಕೂತ ಬಸ್ಸನ್ನೇ ಮೇಡಂ ನಡುವೆ ಹತ್ತುತ್ತಾರೆ. ಟೈಲರ್ ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡು, ಗುಂಡಿ ಹಾಕಬೇಕಾದ ರವಿಕೆಗಳು ನೇತಾಡುವ ದಾರದ ಕೆಳಗೆ ಕೂತು ಹಾಡುತ್ತೇವೆ.

ನಮ್ಮ ಕಡೆಯ ಸಭೆಗಳು ಹೇಗೆ ನಡೆಯುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಆಹ್ವಾನ ಪತ್ರಿಕೆಯಲ್ಲಿ ಹತ್ತೂವರೆ ಎಂದು ಅಚ್ಚಾಗಿರುತ್ತದೆ. ಹತ್ತೂವರೆಗೆ ಬಂದಿರುವವರು ಶಾಮಿಯಾನದವನು, ಮೈಕಿನವನು ಮತ್ತು ನಾವು ಮೂವರು. ಹನ್ನೊಂದರ ಮೇಲೆ ಜನ ಬರುತ್ತಾರೆ. ಮುಖ್ಯ ಅತಿಥಿ ಹನ್ನೆರಡಕ್ಕೆ ಬಂದರೆ ಜನಸಾಮಾನ್ಯರ ಮನುಷ್ಯ, ಒಂದಕ್ಕೆ ಬಂದರೆ ದೊಡ್ಡ ಮನುಷ್ಯ. ಈ ನಡುವಿನ ಹೊತ್ತಿನಲ್ಲಿ ಕೂತ ಜನ ಎದ್ದು ಹೋಗಬಾರದು, ಅದಕ್ಕೇ ನಾವು. 'ಸಾಹೇಬ್ರು ಬರೋ ತನಕ ಹಾಡ್ತಿರ್ರಿ' ಎಂಬುದೇ ನಮಗೆ ಸಿಗುವ ಒಪ್ಪಂದ. ಎಷ್ಟು ಹೊತ್ತು ಎಂದು ಕೇಳಿದರೆ ಸಾಹೇಬರಿಗೇ ಗೊತ್ತಿಲ್ಲದ್ದು ಸಂಘಟಕರಿಗೆ ಹೇಗೆ ಗೊತ್ತಾಗಬೇಕು.

ಪತ್ರಿಕೆಯಲ್ಲಿ ನಮ್ಮ ಹೆಸರು ಇರುವುದಿಲ್ಲ. 'ಪ್ರಾರ್ಥನೆ ಮತ್ತು ಗೀತಗಾಯನ: ಸ್ಥಳೀಯ ಕಲಾವಿದರಿಂದ' ಎಂದಿರುತ್ತದೆ. ಕುರ್ಚಿ ಜೋಡಿಸಿದವರಿಗೂ ವಂದನಾರ್ಪಣೆಯಲ್ಲಿ ಹೆಸರು ಹಿಡಿದು ಧನ್ಯವಾದ ಹೇಳುತ್ತಾರೆ, ನಮ್ಮ ಸರದಿ ಬಂದಾಗ ಮತ್ತೆ ಸ್ಥಳೀಯ ಕಲಾವಿದರು. ಮರುದಿನದ ಪತ್ರಿಕೆಯ ಫೋಟೋದಲ್ಲಿ ಒಮ್ಮೆ ನನ್ನ ಎಡ ಮೊಣಕಾಲು ಬಂದಿತ್ತು. ಟೈಲರ್ ಅದನ್ನು ಕತ್ತರಿಸಿ ಅಂಗಡಿಯ ಗೋಡೆಗೆ ಅಂಟಿಸಿದ್ದಾರೆ. ಬಂದ ಗಿರಾಕಿಗಳಿಗೆ 'ಇದು ನಮ್ಮ ತಬಲದೋರು' ಎಂದು ತೋರಿಸುತ್ತಾರೆ. ನಗಬೇಕೋ ಸಿಟ್ಟಾಗಬೇಕೋ ಇವತ್ತಿಗೂ ನನಗೆ ಗೊತ್ತಾಗಿಲ್ಲ, ಸಾಮಾನ್ಯವಾಗಿ ಸಿಟ್ಟಾಗುತ್ತೇನೆ.

ಹಾಡು ನಿಲ್ಲಿಸುವುದನ್ನು ಕಲಿತದ್ದು ಹಿರಿಯೂರಿನಲ್ಲಿ. ಆಗಿನ್ನೂ ಹೊಸಬರು. ಒಂದು ಕಟ್ಟಡದ ಉದ್ಘಾಟನೆ. ಮೇಡಂ ಎರಡನೇ ಹಾಡಿನ ನಡುವೆ ಇದ್ದಾಗ ಅತಿಥಿಯ ಕಾರು ಬಂತು. ಚರಣ ಮುಗಿಸಿಯೇ ನಿಲ್ಲಿಸೋಣ ಎಂದು ನಾವು ಮುಂದುವರಿದೆವು. ನಿರೂಪಕ ನೇರ ಬಂದು ಮೇಡಂ ಬಾಯಿಯ ಮುಂದಿನಿಂದ ಮೈಕನ್ನು ಸ್ಟ್ಯಾಂಡಿನ ಸಮೇತ ಎತ್ತಿಕೊಂಡು ಹೋದ. ಮೈಕು ಕಿರ್ರೆಂದು ಕೂಗಿತು, ಜನ ಕಿವಿ ಮುಚ್ಚಿಕೊಂಡು ನಕ್ಕರು. ಮೇಡಂ ಬಾಯಿ ತೆರೆದಿದ್ದದ್ದು ಹಾಗೇ ಇತ್ತು. ಅವತ್ತು ವಾಪಸ್ ಬರುವಾಗ ಬಸ್ಸು ಐಮಂಗಲ ದಾಟಿದ ಮೇಲೆ ಟೈಲರ್ ಒಂದು ಮಾತು ಹೇಳಿದರು.

"ಅವ್ರು ಎಳ್ದು ಹರಿಯೋದ್ರ ಬದ್ಲು ನಾವೇ ಕತ್ತರಿಸಿದ್ರೆ ಅಂಚಾದ್ರೂ ನೀಟಾಗಿರ್ತೈತೆ."

ಆ ಮಾತನ್ನು ಹಿಡಿದು ನಾವು ಒಂದು ಕ್ರಮ ಮಾಡಿಕೊಂಡೆವು. ವೇದಿಕೆಯ ಮೇಲೆ ಬಾಗಿಲು ಕಾಣುವಂತೆ ಕೂರುವವನು ನಾನು. ಟೈಲರಿಗೆ ದೂರದ ನೋಟ ಮಂಜು, ಮೇಡಂ ಹಾಡುವಾಗ ಕಣ್ಣು ಮುಚ್ಚುತ್ತಾರೆ. ಹಾಗಾಗಿ ಕಾವಲು ನನ್ನ ಪಾಲಿಗೆ. ಬಿಳಿ ಕಾರೋ, ಬಿಳಿ ಅಂಗಿಯೋ, ಹಾರ ಹಿಡಿದು ಬಾಗಿಲ ಕಡೆ ಓಡುವ ಜನವೋ ಕಂಡ ಕೂಡಲೇ ನಾನೊಂದು ತಿಹಾಯಿ ನುಡಿಸಬೇಕು. ಒಂದೇ ಪೆಟ್ಟಿನ ಸಾಲನ್ನು ಮೂರು ಸಲ ನುಡಿಸಿ ನಿಲ್ಲಿಸುವುದಕ್ಕೆ ತಿಹಾಯಿ ಎನ್ನುತ್ತಾರೆ. ಅದು ಕಿವಿಗೆ ಬಿದ್ದದ್ದೇ ಮೇಡಂ ಇದ್ದ ಸಾಲನ್ನು ಬಿಟ್ಟು ಪಲ್ಲವಿಗೆ ಇಳಿಯಬೇಕು, ಟೈಲರ್ ಆಧಾರ ಸ್ವರಕ್ಕೆ ಬಂದು ಕೂರಬೇಕು. ಮೂರು ಭಾನುವಾರ ಇದನ್ನೇ ಅಭ್ಯಾಸ ಮಾಡಿದೆವು. ನಾನು ಯಾವಾಗ ನುಡಿಸುತ್ತೇನೆ ಎಂದು ಅವರಿಗೆ ಹೇಳುತ್ತಿರಲಿಲ್ಲ. ಮೊದಮೊದಲು ಮೇಡಂ ಎಡವುತ್ತಿದ್ದರು, ಆಮೇಲೆ ಸಲೀಸಾಯಿತು.

ಸಂಘಟಕರಿಗೆ ಇದು ಎಷ್ಟು ಹಿಡಿಸಿತೆಂದರೆ ಒಬ್ಬರಿಂದೊಬ್ಬರಿಗೆ ಸುದ್ದಿ ಹೋಯಿತು. 'ಅವ್ರನ್ನೇ ಕರೀರಿ, ಬಾಳ ಅಡ್ಜಸ್ಟ್ ಮಾಡ್ಕಂತಾರೆ' ಎಂದು. ನಮಗಿಂತ ಚೆನ್ನಾಗಿ ಹಾಡುವವರು ಜಿಲ್ಲೆಯಲ್ಲಿ ಇದ್ದರು. ಆದರೆ ಅವರನ್ನು ನಿಲ್ಲಿಸಬೇಕಾದರೆ ಚೀಟಿ ಕೊಡಬೇಕು, ಕೈ ಸನ್ನೆ ಮಾಡಬೇಕು, ಒಬ್ಬಿಬ್ಬರು ಮುನಿಸಿಕೊಂಡು ಹೋಗುತ್ತಿದ್ದರು. ನಮ್ಮ ಹತ್ತಿರ ಆ ತಾಪತ್ರಯ ಇರಲಿಲ್ಲ. ವಾರ್ಷಿಕ ಮಹಾಸಭೆ, ನಿವೃತ್ತಿ ಸಮಾರಂಭ, ಆರೋಗ್ಯ ತಪಾಸಣೆ, ಕಾಲೇಜು ದಿನಾಚರಣೆ, ಎಲ್ಲದಕ್ಕೂ ನಾವೇ. ಹಾಡು ಚೆನ್ನಾಗಿತ್ತು ಎಂದು ಹೇಳಿದವರಿಗಿಂತ ಟೈಮಿಗೆ ಸರಿಯಾಗಿ ಬಿಟ್ಟುಕೊಟ್ಟಿರಿ ಎಂದು ಬೆನ್ನು ತಟ್ಟಿದವರೇ ಹೆಚ್ಚು. ನಾನು ನಗುತ್ತಾ ತಲೆಯಾಡಿಸಿ ಬಂದು ಮನೆಯಲ್ಲಿ ಹೆಂಡತಿಯ ಮುಂದೆ ಅವರ ಮೂರು ತಲೆಮಾರನ್ನು ಬೈಯುತ್ತಿದ್ದೆ.

ಈಗ ಮೇಡಂ ಹಾಡಿನ ವಿಷಯಕ್ಕೆ ಬರುತ್ತೇನೆ. ಅವರು ಮಾಡದಕೆರೆ ಕಡೆಯವರು, ಕುರಿ ಸಾಕುವ ಮನೆತನ. ಅವರ ತಾಯಿ ಉಣ್ಣೆ ನೂಲುವಾಗ ಒಂದು ಹಾಡು ಹೇಳುತ್ತಿದ್ದರಂತೆ. ಯಾರು ಕಟ್ಟಿದ್ದೋ ತಾಯಿಗೂ ಗೊತ್ತಿಲ್ಲ, ಅವರು ತಮ್ಮ ಅತ್ತೆಯಿಂದ ಕಲಿತದ್ದು. ನಾವು ಅದನ್ನು ಕುರಿ ಹಾಡು ಎನ್ನುತ್ತಿದ್ದೆವು. ನಾಲ್ಕು ಚರಣ. ಮೊದಲನೆಯದರಲ್ಲಿ ಒಬ್ಬ ಕುರುಬನ ಒಂದು ಕುರಿ ಕಳೆದು ಅವನು ಗುಡ್ಡ ಹಳ್ಳ ಎಲ್ಲ ಹುಡುಕುತ್ತಾನೆ. ಎರಡನೆಯದರಲ್ಲಿ ಊರಿಗೆ ಬಂದು ಮನೆ ಮನೆಯ ಮುಂದೆ ನಿಂತು ನೀನು ಕದ್ದೆ, ನೀನು ತಿಂದೆ ಎಂದು ಒಬ್ಬೊಬ್ಬರನ್ನೂ ಬೈಯುತ್ತಾನೆ. ಮೂರನೆಯದರಲ್ಲಿ ಮನೆಗೆ ಹೋಗಿ ನೋಡಿದರೆ ಕುರಿ ಅವನದೇ ಬಾಗಿಲಲ್ಲಿ ನಿಂತಿರುತ್ತದೆ. ನಾಲ್ಕನೆಯದರಲ್ಲಿ ಬೈದ ಮನೆಗಳಿಗೆಲ್ಲ ಮತ್ತೆ ಹೋಗಿ, ಅದೇ ಸರದಿಯಲ್ಲಿ, ತಪ್ಪಾಯಿತು ಎನ್ನುತ್ತಾನೆ. ಮೇಡಂ ಅದಕ್ಕೆ ತಾವೇ ರಾಗ ಹಾಕಿದ್ದರು. ಮೂರನೇ ಚರಣಕ್ಕೆ ಬಂದಾಗ ರಾಗ ತಟ್ಟನೆ ಮೇಲಕ್ಕೆ ಹೋಗಿ, ಕುರಿ ಕಂಡ ಜಾಗದಲ್ಲಿ ನಿಂತು, ನಿಧಾನ ಇಳಿಯುತ್ತದೆ. ಅದನ್ನು ಹದಕ್ಕೆ ತರಲು ಅವರು ಒಂದು ಬೇಸಿಗೆ ರಜೆ ಪೂರ್ತಿ ಕೂತಿದ್ದರು.

ಈ ಹಾಡನ್ನು ಒಮ್ಮೆ ಜನರ ಮುಂದೆ ನಾಲ್ಕೂ ಚರಣ ಹಾಡಬೇಕು. ಮೇಡಂಗೆ ಇದ್ದದ್ದು ಇದೊಂದೇ ಆಸೆ. ತಾಯಿ ಈಗ ಮಗಳ ಜೊತೆಯಲ್ಲೇ ಹೊಳಲ್ಕೆರೆಯಲ್ಲಿ ಇದ್ದಾರೆ, ಅವರಿಗೂ ಕೇಳಿಸಬೇಕು. ಮೇಡಂ ಇದನ್ನು ದೊಡ್ಡದಾಗಿ ಹೇಳಿಕೊಂಡವರಲ್ಲ. ಒಂದು ಸಲ ಬಸ್ಸಿನಲ್ಲಿ, "ಸಾರ್, ಪೂರ್ತಿ ಹಾಡಿದ್ ಹಾಡು ಒಂದೂ ಇಲ್ದೆ ಮುಗಿದ್ಹೋಗ್ತೀನೇನೋ ಅನ್ಸ್ತೈತೆ" ಎಂದರು, ಅಷ್ಟೇ. ಆಮೇಲೆ ಕಿಟಕಿಯಾಚೆ ನೋಡುತ್ತಾ ಕೂತರು. ಅದಕ್ಕೂ ನಾನು ಅತಿಥಿಗಳನ್ನೇ ಬೈದೆ.

ಎಷ್ಟು ಸಭೆಗಳಲ್ಲಿ ಆ ಹಾಡನ್ನು ಎತ್ತಿಕೊಂಡೆವೋ ಲೆಕ್ಕ ಇಟ್ಟಿಲ್ಲ. ಮೊದಲಿಗೇ ಹಾಡಿದರೆ ಜನ ಇರುವುದಿಲ್ಲ, ತಡವಾಗಿ ಹಾಡಿದರೆ ಅತಿಥಿ ಬರುತ್ತಾನೆ. ಎರಡನೇ ಚರಣ ದಾಟಿದ್ದೇ ಇಲ್ಲ. ಹೊಸದುರ್ಗದ ಕಡೆ ಒಂದು ಸಹಕಾರ ಸಂಘದ ಮಹಾಸಭೆಯಲ್ಲಂತೂ ಫಜೀತಿಯಾಯಿತು. ಕುರುಬ ಮನೆ ಮನೆಗೆ ಹೋಗಿ ಕಳ್ಳರೆಂದು ಬೈಯುವಲ್ಲಿಗೆ ಸರಿಯಾಗಿ ಕಾರು ಬಂತು, ನಾನು ತಿಹಾಯಿ ಹೊಡೆದೆ, ಹಾಡು ಮುಗಿಯಿತು. ಸಭೆ ಆದ ಮೇಲೆ ಸಂಘದ ಕಾರ್ಯದರ್ಶಿ ನಮ್ಮನ್ನು ಪಕ್ಕಕ್ಕೆ ಕರೆದರು.

"ಅಲ್ರೀ, ನಮ್ ಸಭೆಗೆ ಬಂದು ಎಲ್ರೂ ಕಳ್ರು ಅಂತ ಹಾಡಿದ್ರಲ್ಲ, ಯಾರು ಹೇಳ್ಕೊಟ್ಟಿದ್ದು ನಿಮ್ಗೆ?"

"ಮುಂದೆ ಕುರಿ ಸಿಗ್ತೈತೆ ಸಾರ್," ಎಂದರು ಟೈಲರ್.

"ಸಿಗಂಗಿದ್ರೆ ಸಿಗೋ ತನಕ ಹಾಡ್ಬೇಕಿತ್ತು."

ಆ ಮನುಷ್ಯ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಆ ಸಂಘದವರು ನಮ್ಮನ್ನು ಎರಡು ವರ್ಷ ಕರೆಯಲಿಲ್ಲ.

ಭರಮಸಾಗರದಲ್ಲಿ ಇನ್ನೊಂದು ಬಗೆ. ಕೆರೆ ತುಂಬಿತ್ತು, ಬಾಗಿನ ಕೊಡುವ ಕಾರ್ಯಕ್ರಮ. ಅತಿಥಿಗಳು ಬಂದವರೇ ನೇರ ಕೆರೆ ಏರಿಗೆ ಹೋದರು, ಅವರ ಹಿಂದೆ ಊರಿಗೆ ಊರೇ ಹೋಯಿತು. ಶಾಮಿಯಾನದಡಿ ಐನೂರು ಖಾಲಿ ಕುರ್ಚಿ, ನಾವು ಮೂವರು, ಮೈಕಿನವನು. ಹಾಡುತ್ತಿರಿ ಎಂದು ಹೇಳಿ ಹೋಗಿದ್ದರಿಂದ ಹಾಡುತ್ತಿದ್ದೆವು. ಮುಕ್ಕಾಲು ಗಂಟೆ ಯಾರೂ ಬರುವಂತಿರಲಿಲ್ಲ. ಕುರಿ ಹಾಡು ಪೂರ್ತಿ ಹಾಡಿಬಿಡೋಣ, ನಿಲ್ಲಿಸುವವರೇ ಇಲ್ಲ ಎಂದೆ. ಮೇಡಂ ತಲೆಯಾಡಿಸಿದರು. "ಕುರ್ಚಿಗಳಿಗೆ ಅದನ್ನ ಹಾಡಲ್ಲ ಸಾರ್." ಸಿನಿಮಾ ಹಾಡಿನಂಥ ಎರಡು ಭಾವಗೀತೆಗಳನ್ನು ಕುರ್ಚಿಗಳಿಗೆ ಹಾಡಿದರು.

ನಾಚಿಕೆಯ ಸಂಗತಿಯೊಂದನ್ನು ಇಲ್ಲಿ ಹೇಳಬೇಕು. ಐದಾರು ವರ್ಷ ಕಳೆಯುವಷ್ಟರಲ್ಲಿ ಭಾನುವಾರದ ಅಭ್ಯಾಸದಲ್ಲೂ ನಾವು ಕುರಿ ಹಾಡನ್ನು ಎರಡನೇ ಚರಣಕ್ಕೇ ನಿಲ್ಲಿಸತೊಡಗಿದ್ದೆವು. ಬೇಕಾಗುವುದು ಅಷ್ಟೇ ಅಲ್ಲವೇ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮೂರು ಗಂಟೆಯ ಬಸ್ಸು ಹಿಡಿಯಬೇಕಿತ್ತು, ಟೈಲರಿಗೆ ಮದುವೆ ಸೀಸನ್ನಿನ ಹೊಲಿಗೆ ಇರುತ್ತಿತ್ತು. ಕ್ರಮೇಣ ಅದು ಎರಡು ಚರಣದ ಹಾಡೇ ಆಗಿಹೋಯಿತು.

ಹೀಗಿರುವಾಗ ಕಳೆದ ವರ್ಷ ಚಿತ್ರದುರ್ಗದ ಒಬ್ಬ ನಿವೃತ್ತ ಉಪನ್ಯಾಸಕರು ನನ್ನನ್ನು ಹುಡುಕಿಕೊಂಡು ಕಾಲೇಜಿಗೆ ಬಂದರು. ಒಂದು ವಾಚನಾಲಯದ ಮಹಡಿಯ ಮೇಲೆ ಅವರು ತಿಂಗಳಿಗೊಂದು ಕೂಟ ನಡೆಸುತ್ತಾರೆ. ಅತಿಥಿ ಇಲ್ಲ, ಹಾರ ಇಲ್ಲ, ಶಾಲು ಇಲ್ಲ, ಸ್ವಾಗತ ಭಾಷಣ ಇಲ್ಲ. ಐದು ಗಂಟೆ ಎಂದರೆ ಐದಕ್ಕೆ ಶುರು. ಆ ವಿಷಯದಲ್ಲಿ ಅವರು ಮಹಾ ಹಟಮಾರಿ ಎಂದು ಕೇಳಿದ್ದೆ.

"ನಿಮ್ದು ಎಲ್ಲ ಕಡೆ ಅರ್ಧರ್ಧ ಕೇಳೀನಿ. ನಮ್ಮಲ್ಲಿ ಒಂದ್ ಗಂಟೆ ಪೂರ್ತಿ ಹಾಡ್ರಿ," ಎಂದರು.

ಆ ಸುದ್ದಿ ಹೇಳಿದಾಗ ಮೇಡಂ ಫೋನಿನಲ್ಲೇ, "ಅವ್ವನ್ನ ಕರ್ಕಂಡು ಬರ್ತೀನಿ," ಎಂದರು. ನಾಲ್ಕು ಭಾನುವಾರ ಮೂರನೇ ಮತ್ತು ನಾಲ್ಕನೇ ಚರಣಗಳನ್ನೇ ಕೂತು ಹೊಸದಾಗಿ ಕಲಿತಂತೆ ಕಲಿತೆವು. ಆ ದಿನಗಳಲ್ಲಿ ಟೈಲರ್ ರವಿಕೆ ಹೊಲಿಯುವಾಗಲೂ ಅದನ್ನೇ ಗುನುಗುತ್ತಿದ್ದರಂತೆ. ಒಂದು ರವಿಕೆಗೆ ಎರಡೂ ಎಡಗೈ ತೋಳು ಹೊಲಿದು ಬೈಸಿಕೊಂಡರು.

ಆ ಸಂಜೆ ಮಹಡಿಯ ಮೇಲೆ ನಲವತ್ತು ಜನ ಇದ್ದರು. ಮುಂದಿನ ಸಾಲಿನಲ್ಲಿ ಮೇಡಂ ತಾಯಿ ಸೆರಗು ಹೊದ್ದು ಕೂತಿದ್ದರು. ಮೈಕು ಒಂದೇ, ಅದೂ ಸಣ್ಣದು. ಐದಕ್ಕೆ ಶುರು ಮಾಡಿದೆವು. ನಾಲ್ಕು ಹಾಡು ಪೂರ್ತಿ ಹಾಡಿದೆವು. ಹಾಡು ತನ್ನಷ್ಟಕ್ಕೆ ಮುಗಿಯುವುದು ಎಷ್ಟು ಹಿತವಾಗಿರುತ್ತದೆ ಎಂದು ನನಗೆ ಅವತ್ತು ಗೊತ್ತಾಯಿತು. ಜನ ಅಲ್ಲಾಡದೆ ಕೂತಿದ್ದರು, ಯಾರದೋ ಗಾಡಿ ಅಡ್ಡ ನಿಂತಿದೆ ಎಂದು ಯಾರೂ ಮೈಕಿನಲ್ಲಿ ಹೇಳಲಿಲ್ಲ. ಐದನೆಯದಾಗಿ ಕುರಿ ಹಾಡು ಎತ್ತಿಕೊಂಡೆವು. ಕುರುಬ ಗುಡ್ಡ ಹುಡುಕಿದ, ಊರನ್ನೆಲ್ಲ ಬೈದ. ಬೈಗುಳ ಬಂದಲ್ಲಿ ಜನ ನಕ್ಕರು. ಟೈಲರ್ ನಡುವಿನ ಸ್ವರಗಳನ್ನು ನುಡಿಸಿದರು, ಮೇಡಂ ಮೂರನೇ ಚರಣದ ಮೊದಲ ಮಾತನ್ನು ಎತ್ತಿ ಮೇಲಿನ ಸ್ವರಕ್ಕೆ ಏರಿದರು.

ಆಗ ಹಿಂದಿನ ಬಾಗಿಲು ತೆರೆಯಿತು. ಬಿಳಿ ಅಂಗಿ, ಬಿಳಿ ಪ್ಯಾಂಟು ಹಾಕಿದ ಒಬ್ಬ ಮನುಷ್ಯ ಒಳಗೆ ಬಂದ, ಅವನ ಹಿಂದೆ ಇಬ್ಬರು.

ನಾನು ಏನನ್ನೂ ಯೋಚಿಸಲಿಲ್ಲ. ಯೋಚಿಸುವುದಕ್ಕೆ ಮೊದಲೇ ನನ್ನ ಕೈ ತಿಹಾಯಿ ನುಡಿಸಿಬಿಟ್ಟಿತ್ತು. ಮೇಡಂ ಕಣ್ಣು ಮುಚ್ಚಿದ್ದವರು ಮುಚ್ಚಿದ ಹಾಗೇ ಪಲ್ಲವಿಗೆ ಇಳಿದರು. ಟೈಲರ್ ಆಧಾರ ಸ್ವರದಲ್ಲಿ ಬಂದು ಕೂತರು. ಎಂಟೇ ಮಾತ್ರೆ. ಒಂದು ಕೂದಲಿನಷ್ಟೂ ಹೆಚ್ಚುಕಡಿಮೆ ಇಲ್ಲದೆ ಹಾಡು ಮುಗಿಯಿತು. ಅಷ್ಟು ಚೆನ್ನಾಗಿ ನಾವು ಯಾವತ್ತೂ ಮುಗಿಸಿರಲಿಲ್ಲ. ಜನ ಚಪ್ಪಾಳೆ ತಟ್ಟಿದರು.

ಮೇಡಂ ಕಣ್ಣು ತೆರೆದು ಮೊದಲು ಬಾಗಿಲ ಕಡೆ ನೋಡಿದರು, ಆಮೇಲೆ ನನ್ನ ಕಡೆ. ಆ ಬಿಳಿ ಅಂಗಿಯವನು ನಾಮಕರಣಕ್ಕೆ ಆ ಮಹಡಿ ಬಾಡಿಗೆಗೆ ಸಿಗುತ್ತದೆಯೇ ಎಂದು ವಿಚಾರಿಸಲು ಬಂದವನಂತೆ. ಕಾರ್ಯಕ್ರಮ ನಡೆಯುತ್ತಿರುವುದನ್ನು ಕಂಡು ಮುಜುಗರಪಟ್ಟು ಹಿಂದಿನ ಕುರ್ಚಿಯಲ್ಲಿ ಕೂತ. ಅವನದು ಎಳ್ಳಷ್ಟೂ ತಪ್ಪಿಲ್ಲ. ಉಪನ್ಯಾಸಕರು ಬಾಳ ಚೆನ್ನಾಗಿತ್ತು ಎಂಬಂತೆ ತಲೆಯಾಡಿಸುತ್ತಿದ್ದರು. ಟೈಲರ್ ಮೆಲ್ಲಗೆ, "ಮುಂದಿನ್ ಚರಣ ತಗಳ್ರಿ ಮೇಡಂ," ಎಂದರು. ಮೇಡಂ ಮಡಿಲಲ್ಲಿದ್ದ ಪುಸ್ತಕದ ಹಾಳೆ ತಿರುಗಿಸಿ ಬೇರೆ ಹಾಡು ಎತ್ತಿಕೊಂಡರು. ಉಳಿದ ಇಪ್ಪತ್ತು ನಿಮಿಷ ನಾನು ಏನು ನುಡಿಸಿದೆನೋ ನನಗೆ ನೆನಪಿಲ್ಲ. ಹನ್ನೆರಡು ವರ್ಷ ಎಲ್ಲರನ್ನೂ ಬೈದುಕೊಂಡು ಬಂದಿದ್ದೆ. ಅವತ್ತು ಬೈಯೋಣವೆಂದರೆ ನನ್ನನ್ನು ಬಿಟ್ಟು ಯಾರೂ ಇರಲಿಲ್ಲ.

ಮೆಟ್ಟಿಲು ಇಳಿಯುವಾಗ ತಾಯಿ ಮಗಳ ತೋಳು ಹಿಡಿದಿದ್ದರು. ನಾನು ಹಿಂದೆ ತಬಲ ಹೊತ್ತುಕೊಂಡು ಇಳಿಯುತ್ತಿದ್ದೆ.

"ಯಾರೂ ಬಂದಿರ್ಲಿಲ್ಲಲ್ಲೇ. ಯಾಕ್ ನಿಲ್ಸಿದ್ರಿ?" ಎಂದು ಮಗಳನ್ನು ಕೇಳಿದರು.

ಮೇಡಂ, "ಕಾಲು ನೋಡ್ಕಂಡು ಇಳಿ ಅವ್ವ," ಎಂದರು.

ಬಸ್ ನಿಲ್ದಾಣದಲ್ಲಿ ಹೊಳಲ್ಕೆರೆ ಬಸ್ಸಿಗೆ ಕಾಯುವಾಗ ನಾನು ತಪ್ಪಾಯಿತು ಎಂದೆ. ಅಷ್ಟು ಹೇಳುವುದಕ್ಕೆ ನನಗೆ ಬಹಳ ಹೊತ್ತು ಹಿಡಿದಿತ್ತು. ಮೇಡಂ ಬೈದಿದ್ದರೆ ಹಗುರಾಗುತ್ತಿತ್ತು, ಅವರು ಬೈಯಲಿಲ್ಲ.

"ನಿಮ್ ಕೈ ನಿಂತ್ರೆ ನಿಲ್ಲಲಿ ಸಾರ್. ನನ್ ಬಾಯಿಗೆ ಏನಾಗಿತ್ತು? ನಾನ್ಯಾಕೆ ನಿಲ್ಲಿಸ್ಬೇಕಿತ್ತು?"

ಟೈಲರ್ ಬಸ್ಸು ಬಂತು ಎಂದು ಹೇಳಿ ಹಾರ್ಮೋನಿಯಂ ಎತ್ತಿಕೊಂಡರು. ಮೇಡಂ, ಅವರ ತಾಯಿ, ಟೈಲರ್ ಮೂವರೂ ಅದೇ ಬಸ್ಸಿಗೆ ಹತ್ತಿದರು, ನಾನು ಮನೆಗೆ ನಡೆದುಕೊಂಡು ಹೋದೆ.

ಅದಾದ ಮೇಲೆ ಮೂರು ಭಾನುವಾರ ಅಭ್ಯಾಸ ನಡೆಯಲಿಲ್ಲ. ಮೇಡಂ ಶಾಲೆಯ ಕೆಲಸ ಎಂದರು. ಬಿಟ್ಟೇಬಿಟ್ಟರೇನೋ ಎಂದು ನನಗೂ ಟೈಲರಿಗೂ ಹೆದರಿಕೆಯಾಯಿತು. ನಾಲ್ಕನೇ ವಾರ ಹೊಳಲ್ಕೆರೆಯಲ್ಲಿ ಹಿರಿಯರಿಗೆ ಕಣ್ಣು ಪರೀಕ್ಷೆಯ ಶಿಬಿರ ಇತ್ತು. ಸಂಘಟಕರು ನಮ್ಮನ್ನು ಬಹಳ ಕಾಲದಿಂದ ಬಲ್ಲವರು. ಮೇಡಂ ಬರುತ್ತಾರೋ ಇಲ್ಲವೋ ಎಂದುಕೊಂಡೇ ಹೋದೆ. ಅವರು ನಮಗಿಂತ ಮೊದಲೇ ಬಂದು ಕೂತಿದ್ದರು. ಊರಿನ ಶಿಬಿರವೇ ಆದ್ದರಿಂದ ತಾಯಿಯನ್ನೂ ಕರೆತಂದಿದ್ದರು. ಸಣ್ಣ ಸಮುದಾಯ ಭವನದ ತುಂಬ ಮುದುಕ ಮುದುಕಿಯರು, ಎಲ್ಲರ ಕೈಯಲ್ಲೂ ಟೋಕನ್ ಚೀಟಿ. ಉದ್ಘಾಟನೆ ಆಗದೆ ಪರೀಕ್ಷೆ ಶುರುವಾಗುವುದಿಲ್ಲ, ಉದ್ಘಾಟಕರು ಇನ್ನೂ ದಾರಿಯಲ್ಲಿದ್ದರು.

ಶಿಬಿರ ನಡೆಸುತ್ತಿದ್ದ ಸಂಘದ ಅಧ್ಯಕ್ಷರು ನನ್ನ ಹತ್ತಿರ ಬಂದು, "ಯಥಾಪ್ರಕಾರ ನೋಡ್ಕಳ್ರಿ," ಎಂದರು. ಆಗಲಿ ಎಂದೆ. ಮೂರು ಹಾಡು ಆದ ಮೇಲೆ ಮೇಡಂ ಯಾರನ್ನೂ ಕೇಳದೆ ಕುರಿ ಹಾಡು ಎತ್ತಿಕೊಂಡರು. ಮುದುಕರು ನಿಗಾ ಕೊಟ್ಟು ಕೇಳಿದರು, ಕುರಿ ಮೇಯಿಸಿದವರೇ ಅರ್ಧ ಜನ ಇದ್ದರು. ಎರಡನೇ ಚರಣದ ಕೊನೆಯ ಮನೆಯ ಬೈಗುಳ ಮುಗಿಯುವ ಹೊತ್ತಿಗೆ ಹೊರಗೆ ಕಾರಿನ ಬಾಗಿಲು ಬಡಿದ ಸದ್ದಾಯಿತು. ಅಧ್ಯಕ್ಷರು ಹಾರ ಹಿಡಿದು ಓಡಿದರು. ನಾನು ತಿಹಾಯಿ ನುಡಿಸಿದೆ. ಅಷ್ಟೆಲ್ಲ ಆದ ಮೇಲೂ ನುಡಿಸಿದೆ, ಅದನ್ನು ಮುಚ್ಚಿಡುವುದಿಲ್ಲ. ಟೈಲರ್ ಆಧಾರ ಸ್ವರಕ್ಕೆ ಬಂದು ನಿಂತರು.

ಮೇಡಂ ಪಲ್ಲವಿಗೆ ಇಳಿಯಲಿಲ್ಲ. ತಬಲ ನಿಂತು ಹೋದ ಮೌನದಲ್ಲಿ ಒಬ್ಬರೇ ಮೂರನೇ ಚರಣ ಎತ್ತಿದರು.

ಉದ್ಘಾಟಕರು ವೇದಿಕೆಯ ಮೆಟ್ಟಿಲವರೆಗೆ ಬಂದು ನಿಂತರು. ನಿರೂಪಕ ತನ್ನ ಮೈಕಿನಲ್ಲಿ, ಈಗ ನಮ್ಮೆಲ್ಲರ ನೆಚ್ಚಿನ, ಎಂದು ಶುರು ಮಾಡಿ, ಹಾಡು ನಿಲ್ಲದ್ದು ಕಂಡು ಅಲ್ಲಿಗೇ ಬಿಟ್ಟ. ಅಧ್ಯಕ್ಷರು ನನ್ನ ಕಡೆ ತಿರುಗಿ ಕೈಯಲ್ಲಿ ಕತ್ತರಿಸುವ ಸನ್ನೆ ಮಾಡಿದರು, ಒಂದಲ್ಲ, ಮೂರು ಸಲ. ಆಮೇಲೆ ಮೈಕಿನವನಿಗೆ ಏನೋ ಹೇಳಿದರು. ಮೇಡಂ ಮುಂದಿನ ಮೈಕು ಸತ್ತಿತು. ಅವರ ಧ್ವನಿ ಒಂದು ಗಳಿಗೆ ಸಣ್ಣದಾಗಿ ಕೇಳಿಸಿತು. ಅವರು ಕಣ್ಣು ತೆರೆದೇ ಹಾಡುತ್ತಿದ್ದರು. ಮುಂದಿನ ಸಾಲಿನವರು ಕುತ್ತಿಗೆ ಚಾಚಿದರು, ಹಿಂದೆ ಯಾರೋ ಸುಮ್ಮನಿರ್ರಪ್ಪ ಎಂದರು.

ಟೈಲರ್ ಕನ್ನಡಕದ ಮೇಲಿನಿಂದ ನನ್ನನ್ನೇ ನೋಡುತ್ತಿದ್ದರು. ಅಧ್ಯಕ್ಷರ ಮುಖವನ್ನು ನಾನು ಮತ್ತೊಮ್ಮೆ ನೋಡಿದೆ. ಇವರು ಇನ್ನು ನಮ್ಮನ್ನು ಕರೆಯುವುದಿಲ್ಲ, ಇವರ ಮಾತು ಕೇಳಿ ಉಳಿದವರೂ ಕರೆಯುವುದಿಲ್ಲ ಎಂಬುದು ಆ ಮುಖದಲ್ಲೇ ಬರೆದಿತ್ತು. ಅದು ಹಾಗೇ ಆಯಿತು ಕೂಡ, ಈ ಆರು ತಿಂಗಳಲ್ಲಿ ನಮಗೆ ಬಂದದ್ದು ಎರಡೇ ಕರೆ. ಆದರೆ ಆ ಹೊತ್ತಿನಲ್ಲಿ ನಾನು ತಲೆ ತಗ್ಗಿಸಿ ತಬಲದ ಮೇಲೆ ಕೈ ಇಟ್ಟೆ. ಮೈಕಿಲ್ಲದ ಗಂಟಲನ್ನು ತಬಲ ನುಂಗಬಾರದೆಂದು ಬೆರಳ ತುದಿಯಲ್ಲಿ ಮಾತ್ರ ನುಡಿಸಿದೆ. ಟೈಲರ್ ಬಂದು ಸೇರಿಕೊಂಡರು. ಕುರಿ ಸಿಕ್ಕಿತು. ಕುರುಬ ಒಂದೊಂದೇ ಮನೆಗೆ ಹೋಗಿ ತಪ್ಪಾಯಿತು ಎಂದ, ಒಂದು ಮನೆಯನ್ನೂ ಬಿಡಲಿಲ್ಲ. ಅಷ್ಟು ಹೊತ್ತೂ ಉದ್ಘಾಟಕರು ಮೆಟ್ಟಿಲ ಬಳಿ ಕೊರಳಲ್ಲಿ ಹಾರ ಹಾಕಿಕೊಂಡು ನಿಂತೇ ಇದ್ದರು.

ಹಾಡು ಮುಗಿದಾಗ ಚಪ್ಪಾಳೆ ಹೆಚ್ಚೇನೂ ಬೀಳಲಿಲ್ಲ, ಟೋಕನ್ ಹಿಡಿದ ಕೈಗಳು. ಮೇಡಂ ತಾಯಿಯೂ ಚಪ್ಪಾಳೆ ತಟ್ಟಲಿಲ್ಲ. ಪಕ್ಕದಲ್ಲಿ ಕೂತ ಮುದುಕಿಯ ಕಡೆ ತಿರುಗಿ, ವೇದಿಕೆಗೂ ಕೇಳುವಂತೆ ಹೇಳಿದರು.

"ಹಿಂಗೆ ಮುಗಿಯೋದು ಇದು."

ಮೇಡಂ ಮುಖಕ್ಕೆ ಸೆರಗು ಒತ್ತಿಕೊಂಡು ಬಹಳ ಹೊತ್ತು ಹಾಗೇ ಕೂತಿದ್ದರು. ನಿರೂಪಕ ಸ್ವಾಗತ ಭಾಷಣ ಶುರು ಮಾಡಿದ.